ಟೂಮಿ ಮನೆಯ ಇಬ್ಬರು ಸಾರಾ

ಡಬ್ಲಿನ್
8 ಜನವರಿ 1979

ಪ್ರೀತಿಯ ಸೈವ್,

ನೀನು ಕಳಿಸಿದ ಕ್ರಿಸ್‌ಮಸ್ ಪುಡಿಂಗನ್ನು ನಮ್ಮ ಯಜಮಾನರು ಎರಡೇ ದಿನದಲ್ಲಿ ಮುಗಿಸಿ, ಡಬ್ಬ ತೊಳೆದು ಮೇಜಿನ ಮೇಲೆ ಇಟ್ಟಿದ್ದಾರೆ. ತುಂಬಿಕೊಂಡು ವಾಪಸು ಬರಲಿ ಎಂಬ ಆಸೆಯೋ ಏನೋ. ನನ್ನ ಪಾಲಿಗೆ ಒಂದು ಚೂರು ಸಿಕ್ಕಿತು. ಅಮ್ಮ ಮಾಡುತ್ತಿದ್ದುದಕ್ಕಿಂತ ವಿಸ್ಕಿ ಸ್ವಲ್ಪ ಜಾಸ್ತಿಯೇ ಬಿದ್ದಿತ್ತು. ಹಾಗೆಂದು ದೂರುವವರು ಈ ಮನೆಯಲ್ಲಿ ಯಾರೂ ಇಲ್ಲ.

ಸುದ್ದಿ ಏನೆಂದರೆ, ಬ್ಲಾನಿದ್ ಬಸುರಿ. ಜುಲೈ ಕೊನೆಗೆ ದಿನ ಹೇಳಿದ್ದಾರೆ. ಇಷ್ಟು ಬೇಗ ಯಾರಿಗೂ ಹೇಳಬೇಡ ಎಂದಿದ್ದಳು, ಚಿಕ್ಕಮ್ಮನಿಗೆ ಮಾತ್ರ ಎಂದು ಒಪ್ಪಿಸಿದೆ. ಹೆಣ್ಣೇ ಆಗುವುದೆಂದು ಅವಳಿಗೆ ಈಗಲೇ ಖಾತ್ರಿ. ಒಂದು ನೋಟ್‌ಬುಕ್ ತಂದು ನಮ್ಮ ಕಡೆಯ ಹೆಣ್ಣುಮಕ್ಕಳ ಹೆಸರುಗಳನ್ನೂ ಅವುಗಳ ಎದುರಿಗೆ ಅರ್ಥಗಳನ್ನೂ ಬರೆಯುತ್ತಿದ್ದಾಳೆ. ಗ್ರಂಥಾಲಯದ ಒಂದು ಪುಸ್ತಕ ಒಂದು ಅರ್ಥ ಹೇಳಿದರೆ ಇನ್ನೊಂದು ಬೇರೆಯೇ ಹೇಳುತ್ತದಂತೆ. ಅಳಿಯ ಡೆಕ್ಲನ್ ಹಿಂದಿನಿಂದ ಇಣುಕಿ, "ಶ್ಯಾರನ್ ಅಂತ ಇಡೋಣ, ಬರೆಯೋಕೂ ಸುಲಭ, ಕರೆಯೋಕೂ ಸುಲಭ" ಎಂದ. ಅವಳು ತಿರುಗಿಯೂ ನೋಡಲಿಲ್ಲ.

ನಿನ್ನೆ ಊಟಕ್ಕೆ ಕೂತಾಗ, "ಇಷ್ಟೆಲ್ಲ ಯಾಕೆ ಹುಡುಕ್ತಿದೀನೋ. ಮೊದಲನೇ ಮಗಳಿಗೆ ತಾಯಿಯ ತಾಯಿ ಹೆಸರು ತಾನೇ. ಸೊರಖ ಅಂತಾನೇ ಇಡ್ತೀನಿ" ಎಂದಳು. ಆಲೂಗಡ್ಡೆಯ ಬಟ್ಟಲು ನನ್ನ ಕೈಯಲ್ಲೇ ಉಳಿಯಿತು. ಬೇಡ ಎಂದೆ. ಯಾಕೆ ಎಂದಳು. ಹಳೇ ಹೆಸರು ಎಂದೆ. "ಈ ಪುಸ್ತಕದಲ್ಲಿರೋದೆಲ್ಲ ಹಳೇ ಹೆಸರೇ ಅಮ್ಮ" ಎಂದು ನಕ್ಕಳು.

ಸೈವ್, ಮಗುವಿಗೆ ನಿನ್ನ ಹೆಸರು ಇಡಬೇಕೆಂದು ನನ್ನ ಆಸೆ. ನಾನು ಹೇಳಿದರೆ ಅವಳು ಕಾರಣ ಕೇಳುತ್ತಾಳೆ. ನೀನೇ ಅವಳಿಗೊಂದು ಕಾಗದ ಬರೆ. ಹೆಸರುಗಳ ವಿಷಯದಲ್ಲಿ ನಿನ್ನಷ್ಟು ಬಲ್ಲವರು ನಮ್ಮಲ್ಲಿ ಯಾರಿದ್ದಾರೆ? ಅರ್ಥ ಹೇಳುತ್ತ ಹೇಳುತ್ತ ಅವಳ ಮನಸ್ಸನ್ನು ನಿನ್ನ ಹೆಸರಿನ ಕಡೆಗೆ ತಿರುಗಿಸಿಬಿಡು.

ನಿನ್ನ ಅಕ್ಕ,
ಸೊರಖ


ಬ್ಯಾಲಿವೂರ್ನಿ, ಕಾರ್ಕ್
19 ಜನವರಿ 1979

ಪ್ರೀತಿಯ ಸೊರಖ ಅಕ್ಕ,

ಸುದ್ದಿ ಓದಿ ಬಹಳ ಖುಷಿಯಾಯಿತು. ಆಗ ಅಂಗಡಿಯಲ್ಲಿ ಆರು ಜನ ನಿಂತಿದ್ದರು, ಹಾಗಾಗಿ ಮುಖ ಗಂಟು ಹಾಕಿಕೊಂಡೇ ಓದಿದೆ. ಪೋಸ್ಟ್ ಆಫೀಸು ನಡೆಸುವವಳು ತನ್ನ ಕಾಗದ ಓದಿ ನಕ್ಕರೆ ಸಂಜೆಯೊಳಗೆ ಊರಲ್ಲಿ ಒಂದು ಕಥೆ ತಯಾರಾಗುತ್ತದೆ. ಸೇತುವೆ ಪಕ್ಕದ ಮನೆಯ ನಮ್ಮ ನೋರಾ ಅಷ್ಟಕ್ಕೇ ಅನುಮಾನಪಟ್ಟು, "ಏನು ಸೈವ್, ಡಬ್ಲಿನ್‌ನಲ್ಲಿ ಯಾರಾದ್ರೂ ಹೋದ್ರಾ?" ಎಂದಳು. ಯಾರೂ ಹೋಗಿಲ್ಲ, ಒಬ್ಬರು ಬರ್ತಿದಾರೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಬ್ಲಾನಿದ್‌ಗೆ ಬೇರೆ ಕಾಗದ ಹಾಕುತ್ತೇನೆ, ನಮ್ಮ ಐರಿಷ್‌ನಲ್ಲೇ. ಅವಳಿಗೆ ಓದಲು ಕಷ್ಟವಾದರೆ ನೀನು ಓದಿ ಹೇಳು. ಇಂಗ್ಲಿಷ್ ನನ್ನ ಕೈಲಾಗದು. ನನ್ನ ಇಂಗ್ಲಿಷ್‌ಗೆ ನಿಮ್ಮ ಆಸ್ಪತ್ರೆಯವರು ಕೊಟ್ಟ ಬಿರುದು ನಿನಗೆ ಗೊತ್ತೇ ಇದೆಯಲ್ಲ.

ಅಲ್ಲಿಯವರೆಗೆ ಅವಳ ನೋಟ್‌ಬುಕ್ಕಿಗೆ ಇಷ್ಟು ಸೇರಿಸು. ಫಿನ್ನೂಲಾ ಎಂದರೆ ಬಿಳಿ ಹೆಗಲಿನವಳು. ನಮ್ಮೂರ ಫಿನ್ನೂಲಾ ಬೇಸಿಗೆಯಲ್ಲೂ ಕೋಟು ಬಿಚ್ಚುವುದಿಲ್ಲವಾದ್ದರಿಂದ ನಿಜ ಸುಳ್ಳು ತಿಳಿಯದು. ಊನಾ ಎಂದರೆ ಕುರಿಮರಿ ಎನ್ನುವವರಿದ್ದಾರೆ, ಅದಕ್ಕೇ ಊನಾಗಳನ್ನೆಲ್ಲ ಹಿಡಿದು ಇಂಗ್ಲಿಷಿನಲ್ಲಿ ಆಗ್ನೆಸ್ ಮಾಡಿದರು. ದೇವಮಾತೆಯ ಹೆಸರನ್ನು ಮಾಯ್ರ ಎಂದು ಮನೆಗೆ ಇಬ್ಬರಿಗೆ ಬೇಕಾದರೂ ಇಡಬಹುದು, ಆದರೆ ಮುಯಿರೆ ಎಂಬ ರೂಪ ಅವಳೊಬ್ಬಳಿಗೇ ಮೀಸಲು. ಇದನ್ನು ಡೆಕ್ಲನ್‌ಗೂ ಹೇಳಿಡು. ಶ್ಯಾರನ್ ಎನ್ನುವವನು ಮುಂದೆ ಏನೆನ್ನುತ್ತಾನೋ ಹೇಳಲಾಗದು. ನೋರಾ ಎಂದರೆ ಮಾನ. ನನ್ನ ಕೌಂಟರಿಗೆ ಬರುವ ನೋರಾ ಟೂಮಿಗಳು ಎಂಟು ಮಂದಿ, ಇಪ್ಪತ್ತೆರಡು ವರ್ಷಗಳಲ್ಲಿ ಒಬ್ಬಳ ಕಾಗದ ಇನ್ನೊಬ್ಬಳ ಕೈಗೆ ಹೋಗಿಲ್ಲ. ಅದೊಂದು ಜಂಬ ನನಗಿದೆ.

ಅಮ್ಮನ ಹೆಸರು ಗಬ್ನಿಟ್ ಎಂಬುದನ್ನು ಬರೆದುಕೊಂಡಿದ್ದಾಳೋ ಇಲ್ಲವೋ? ಜೇನುನೊಣ ಸಾಕಿದ ನಮ್ಮೂರ ಸಂತಳ ಹೆಸರು. ಇಂಗ್ಲಿಷಿನಲ್ಲಿ ಡೆಬೊರಾ ಎಂದು ಬರೆಯುತ್ತಾರೆ, ಅದಕ್ಕೂ ಜೇನುನೊಣವೆಂದೇ ಅರ್ಥವಂತೆ. ಪದ್ಧತಿಯ ಪ್ರಕಾರ ಆ ಹೆಸರು ಬ್ಲಾನಿದ್‌ಗೆ ಬರಬೇಕಿತ್ತು. ಡಬ್ಲಿನ್‌ನವರು ನಗುತ್ತಾರೆ ಎಂದು ನೀನು ಪುಟ್ಟ ಹೂವಿನ ಹೆಸರು ಇಟ್ಟೆ. ಅಮ್ಮ ಎರಡು ವರ್ಷ ನಿನಗೆ ಒಂದು ಮಾತೂ ಬರೆಸಲಿಲ್ಲ. ನಾನು ಬರೆಯಲು ಕೂತರೆ, "ನಾನು ಕೇಳ್ದೆ ಅಂತ ಬರೀಬೇಡ" ಎಂದು ಒಲೆಯ ಹತ್ತಿರದಿಂದಲೇ ಹೇಳುತ್ತಿದ್ದಳು. ಕೇಳಿದಳೆಂದು ನಾನು ಪ್ರತಿ ಸಲವೂ ಬರೆದೆ.

ಈಗ ನಿನ್ನ ಹೆಸರನ್ನೂ ದಾಟಿ ನನ್ನ ಬಾಗಿಲಿಗೆ ಬಂದಿದ್ದೀಯ. ನಾನು ಒಪ್ಪುವುದಿಲ್ಲ. ನೀನು ಅಮ್ಮನ ತಾಯಿಯ ಹೆಸರಿನವಳು, ನಾನು ಅಪ್ಪನ ತಾಯಿಯ ಹೆಸರಿನವಳು. ಸೊರಖ ಎಂದರೆ ಬೆಳಕು, ಸೈವ್ ಎಂದರೆ ಸಿಹಿ. ಬೆಳಕಿಗೂ ಸಿಹಿಗೂ ಎಲ್ಲಿಯ ಸಂಬಂಧ? ಆದರೆ ನಮ್ಮ ಪಾದ್ರಿಗಳಿಗೆ ಎರಡೂ ಒಂದೇ ಆಗಿ ಕಂಡವು. "ಎರಡಕ್ಕೂ ಇಂಗ್ಲಿಷಲ್ಲಿ ಸಾರಾ ಅಂತಾನೇ ಅಲ್ವೇನಮ್ಮ" ಎಂದು ಇಬ್ಬರನ್ನೂ ರಿಜಿಸ್ಟರಿನಲ್ಲಿ ಸಾರಾ ಎಂದು ಬರೆದುಬಿಟ್ಟರು. ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಎರಡು ಸಲವೂ ತಲೆಯಾಡಿಸಿ ಬಂದಳು.

ಹಳೇ ಹೆಸರು ಎಂಬ ನೆಪವನ್ನು ಬ್ಲಾನಿದ್ ನಂಬಬಹುದು, ನಾನು ನಂಬುವುದಿಲ್ಲ. ನಿನ್ನ ಹೆಸರು ನಿನಗೆ ಯಾಕೆ ಬೇಡವಾಯಿತು, ನಿಜ ಹೇಳು.

ಇಂತಿ,
ಸೈವ್


ಡಬ್ಲಿನ್
11 ಫೆಬ್ರವರಿ 1979, ಗಬ್ನಿಟ್ ಹಬ್ಬ

ಸೈವ್,

ಇವತ್ತು ನೀವೆಲ್ಲ ರೋಗರುಜಿನ ತಾಗದಿರಲೆಂದು ಸಂತಳ ಪ್ರತಿಮೆಗೆ ರಿಬ್ಬನ್ ಹಿಡಿದು ಅಳೆಯುತ್ತಿರುತ್ತೀರಿ. ಹೋದ ವರ್ಷ ನೀನು ಕಳಿಸಿದ ತುಂಡು ನನ್ನ ನರ್ಸ್ ಉಡುಪಿನ ಜೇಬಿನಲ್ಲೇ ಇದೆ. ನೀನು ಕೇಳಿ ಮೂರು ವಾರವಾಯಿತು. ಮೂರು ಕಾಗದ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

1948ರ ಬೇಸಿಗೆ. ನರ್ಸ್ ತರಬೇತಿಗೆಂದು ನಾವಿಬ್ಬರೂ ಅಡುಗೆಮನೆಯ ಮೇಜಿನ ಮೇಲೆ, ಒಂದೇ ಮಸಿಕುಡಿಕೆಯಿಂದ ಅರ್ಜಿ ಬರೆದೆವು. ಅಪ್ಪ, "ಯಾರಿಗೆ ಕರೆ ಬರುತ್ತೋ ಅವಳು ಹೋಗ್ಲಿ, ಇನ್ನೊಬ್ಬಳು ಅಮ್ಮನ ಜೊತೆ ಇರ್ಲಿ" ಎಂದಿದ್ದ. ಆಗಸ್ಟಿನಲ್ಲಿ ಕಾಗದ ಬಂತು. ಮೇಲೆ ಕುಮಾರಿ ಸಾರಾ ಟೂಮಿ ಎಂದಿತ್ತು. ನೀನು ಅಪ್ಪನ ಜೊತೆ ಗುಡ್ಡದ ಮೇಲೆ, ಒಲೆಗೆ ಉರಿಸುವ ಜವುಗುಮಣ್ಣಿನ ಹೆಂಟೆಗಳನ್ನು ಒಣಹಾಕಲು ಹೋಗಿದ್ದೆ. ನಾನು ಒಡೆದೆ. ನಿಮ್ಮ ಇಂಗ್ಲಿಷ್ ಬರವಣಿಗೆ ನಮಗೆ ಬಹಳ ಮೆಚ್ಚುಗೆಯಾಯಿತು, ಸೆಪ್ಟೆಂಬರ್ ಆರಕ್ಕೆ ಬನ್ನಿ, ದೀಕ್ಷಾಸ್ನಾನದ ಪ್ರಮಾಣಪತ್ರ ತನ್ನಿ ಎಂದಿತ್ತು. ಕೆಳಗೆ ಗುರುತಿಗಾಗಿ ಹುಟ್ಟಿದ ತಾರೀಖು ಬರೆದಿದ್ದರು. 12 ಮಾರ್ಚ್ 1930.

ಅದು ನಿನ್ನ ತಾರೀಖು, ಸೈವ್. ನಾನು ತಪ್ಪಾಗಿ ಓದಲಿಲ್ಲ. ನಾಲ್ಕು ಸಲ ಓದಿದೆ. ಆಮೇಲೆ ಮನೆಯ ಕಾಗದಪತ್ರ ಇಡುತ್ತಿದ್ದ ಬಿಸ್ಕತ್ ಡಬ್ಬದಿಂದ ನಿನ್ನ ಪ್ರಮಾಣಪತ್ರ ತೆಗೆದು ನನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡೆ. ನೀವು ಬಂದಾಗ, ನನಗೆ ಕರೆ ಬಂದಿದೆ ಎಂದೆ. ನೀನು ಕೈ ಕೂಡ ತೊಳೆಯದೆ ಬಂದು ನನ್ನನ್ನು ತಬ್ಬಿಕೊಂಡೆ. ಬಿಳಿ ಬ್ಲೌಸಿನ ಬೆನ್ನ ಮೇಲೆ ನಿನ್ನ ಹತ್ತು ಬೆರಳುಗಳ ಮಣ್ಣು ಮೂಡಿತ್ತು. ಅದನ್ನು ಒಗೆದುಕೊಟ್ಟವಳೂ ನೀನೇ.

ನಾನು ಹೊರಟ ವಾರದ ಮೇಲೆ ಮನೆಗೆ ಇನ್ನೊಂದು ಕಾಗದ ಬಂತಲ್ಲ, ನಿಮ್ಮ ಇಂಗ್ಲಿಷ್ ಸಾಲದು, ತೆಗೆದುಕೊಳ್ಳಲಾಗುವುದಿಲ್ಲ ಎಂದು, ಅದು ನನಗೆ ಬಂದದ್ದು. ಮೇಲೆ ಅದೇ ಹೆಸರು, ಅದರಲ್ಲಿ ತಾರೀಖು ಇರಲಿಲ್ಲವೇನೋ. ನೀನು ನಿನ್ನದೆಂದುಕೊಂಡು, "ನನಗೆ ಸಿಗಲಿಲ್ಲ ಅಕ್ಕ, ನಾನು ದಡ್ಡಿ" ಎಂದು ಬರೆದೆ. ನಾನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಉತ್ತರ ಬರೆದೆ. ಕದ್ದದ್ದು ಒಂದು ಗಳಿಗೆಯ ಕೆಲಸ. ಆ ಉತ್ತರವನ್ನು ಸಾವಕಾಶವಾಗಿ ಕೂತು ಬರೆದಿದ್ದೆ. ಇಲ್ಲಿ ನನ್ನ ಮೊದಲ ವರ್ಷವಿಡೀ ಮುಖ್ಯ ನರ್ಸ್, "ಅರ್ಜಿಯಲ್ಲಿದ್ದ ಆ ಇಂಗ್ಲಿಷ್ ಎಲ್ಲಿ ಹೋಯ್ತು ಟೂಮಿ?" ಎಂದು ಕೇಳುತ್ತಿದ್ದರು.

ಕಾಗದದ ಮೇಲೆ ನಾನು ನೀನಾದೆ. ವಾರ್ಡಿನವರಿಗೆ, ನನ್ನ ಗಂಡನಿಗೆ, ಮಗಳಿಗೆ, ಎಲ್ಲರಿಗೂ ನನ್ನ ಹುಟ್ಟುಹಬ್ಬ ಮಾರ್ಚ್ ಹನ್ನೆರಡು. ನೀನು ಪ್ರತಿ ನವೆಂಬರಿನಲ್ಲಿ ನನ್ನ ನಿಜವಾದ ದಿನಕ್ಕೆ ಕಾರ್ಡ್ ಕಳಿಸಿದಾಗ ಬ್ಲಾನಿದ್, "ಚಿಕ್ಕಮ್ಮ ಯಾಕೆ ಈಗ ಕಳಿಸ್ತಾಳೆ?" ಎನ್ನುತ್ತಿದ್ದಳು. ಅವಳಿಗೆ ತಾರೀಖು ನೆನಪಿರಲ್ಲ ಎನ್ನುತ್ತಿದ್ದೆ. ಎಂಟು ನೋರಾಗಳನ್ನು ತಲೆಯಲ್ಲಿ ಇಟ್ಟುಕೊಂಡವಳ ಬಗ್ಗೆ ಹಾಗೆ ಹೇಳಿದೆ.

ಅದಕ್ಕೇ ನನ್ನ ಹೆಸರು ಬೇಡ. ಬೆಳಕು ಎಂದು ಅರ್ಥ ಹೇಳಿ ಆ ಮಗುವಿಗೆ ಕೊಡಲು ನಾಚಿಕೆಯಾಗುತ್ತದೆ. ನಿನ್ನ ಹೆಸರು ಇಟ್ಟರೆ ದಿನಕ್ಕೆ ನೂರು ಸಲ ಅದನ್ನು ಕರೆದು ಬದುಕುತ್ತೇನೆ. ಆದರೆ ನೀನು ಹೂಂ ಎನ್ನದೆ ಇಡುವುದಿಲ್ಲ. ನಿನ್ನದನ್ನು ಕೇಳದೆ ತೆಗೆದುಕೊಂಡದ್ದು ಒಂದು ಸಲಕ್ಕೆ ಸಾಕು. ನನ್ನನ್ನು ಕ್ಷಮಿಸು ಎಂದು ಕೇಳುತ್ತಿದ್ದೇನೆ.

ಸೊರಖ


ಡಬ್ಲಿನ್
27 ಜೂನ್ 1979

ಸೈವ್,

ಅಂತೂ ಅಂಚೆಯವರ ಮುಷ್ಕರ ಮುಗಿಯಿತು. ನನ್ನ ಫೆಬ್ರವರಿಯ ಕಾಗದ ನಿನಗೆ ತಲುಪಿತೋ ಇಲ್ಲವೋ ತಿಳಿಯದು. ಹನ್ನೆರಡಕ್ಕೆ ಡಬ್ಬಕ್ಕೆ ಹಾಕಿದೆ, ಹತ್ತೊಂಬತ್ತಕ್ಕೆ ಎಲ್ಲ ನಿಂತುಹೋಯಿತು. ಫೋನು ಮಾಡಲು ಎರಡು ಸಲ ಹೊರಟೆ. ನಿನ್ನ ಅಂಗಡಿಯ ಫೋನು ಇರುವುದು ಬ್ರೆಡ್ಡಿನ ತಟ್ಟೆಗಳ ಪಕ್ಕದಲ್ಲಿ. ಊರವರ ನಡುವೆ ನಿಂತು ನೀನಾದರೂ ಏನು ಹೇಳಬಹುದಿತ್ತು ಎಂದು ವಾಪಸು ಬಂದೆ.

ಮಾರ್ಚ್ ಹನ್ನೆರಡಕ್ಕೆ ಬ್ಲಾನಿದ್ ಕೇಕ್ ಹಿಡಿದುಕೊಂಡು ಬಂದಳು. ಇದು ಚಿಕ್ಕಮ್ಮನ ದಿನ, ನನ್ನದಲ್ಲ ಎಂದು ಅವಳನ್ನೂ ಯಜಮಾನರನ್ನೂ ಕೂರಿಸಿಕೊಂಡು ಎಲ್ಲ ಹೇಳಿದೆ. ಯಜಮಾನರು ಪೈಪು ಆರಿಸಿ ಎದ್ದು ಹೋದರು. ಮರುದಿನ ಚಹಾ ಕುಡಿಯುವಾಗ, "ಹಾಗಾದ್ರೆ ನೀನು ನನಗಿಂತ ದೊಡ್ಡವಳು" ಎಂದರು, ಅಷ್ಟೇ. ಬ್ಲಾನಿದ್ ಅಳಲಿಲ್ಲ, ಬೈಯಲೂ ಇಲ್ಲ. "ಚಿಕ್ಕಮ್ಮನಿಗೆ ಗೊತ್ತಾ?" ಎಂದು ಒಂದೇ ಮಾತು ಕೇಳಿದಳು. ಬರೆದಿದ್ದೇನೆ, ತಲುಪಿದೆಯೋ ಗೊತ್ತಿಲ್ಲ ಎಂದೆ. ಆ ಕೇಕನ್ನು ಯಾರೂ ಮುಟ್ಟಲಿಲ್ಲ, ಪಕ್ಕದ ಮನೆಗೆ ಕೊಟ್ಟೆ.

ಕಾಗದ ತಲುಪಿಲ್ಲವೆಂದರೆ ಅಷ್ಟನ್ನೂ ಮತ್ತೆ ಬರೆಯುತ್ತೇನೆ. ತಲುಪಿದ್ದರೆ ಒಂದು ಸಾಲು ಹಾಕು, ಬೈದಾದರೂ ಸರಿ.

ಸೊರಖ


ಡಬ್ಲಿನ್
26 ಜುಲೈ 1979

ಪ್ರೀತಿಯ ಚಿಕ್ಕಮ್ಮ,

ಹದಿನೆಂಟನೇ ತಾರೀಖು ಬೆಳಿಗ್ಗೆ ನನಗೆ ಹೆಣ್ಣು ಮಗು ಹುಟ್ಟಿತು. ತಲೆ ತುಂಬ ಕಪ್ಪು ಕೂದಲು. ಅಳುವ ಮೊದಲು ಒಮ್ಮೆ ಹುಬ್ಬು ಗಂಟಿಕ್ಕುತ್ತಾಳೆ, ಅಮ್ಮ ಅದನ್ನು ನೋಡಿ ನಿಮ್ಮ ಹಾಗೆಯೇ ಎನ್ನುತ್ತಾಳೆ. ಇಬ್ಬರೂ ಚೆನ್ನಾಗಿದ್ದೇವೆ, ಭಾನುವಾರ ಅಮ್ಮನ ಮನೆಗೆ ಬಂದೆವು.

ನೀವು ಜನವರಿಯಲ್ಲಿ ಬರೆದ ಕಾಗದದಲ್ಲಿದ್ದವೂ ಸೇರಿ ನನ್ನ ನೋಟ್‌ಬುಕ್ಕಿನಲ್ಲಿ ಈಗ ನೂರ ಆರು ಹೆಸರುಗಳಿವೆ. ಮಗುವಿಗೆ ಒಂದೂ ಇಲ್ಲ. ಆಸ್ಪತ್ರೆಯ ಕೈಪಟ್ಟಿಯಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟೇ ಮನೆಗೆ ಕಳಿಸಿದರು. ದೀಕ್ಷಾಸ್ನಾನ ಆಗಸ್ಟ್ ಐದರ ಭಾನುವಾರಕ್ಕೆ ಗೊತ್ತಾಗಿದೆ. ಅಮ್ಮನನ್ನು ಕೇಳಿದರೆ, "ನಿನ್ನ ಚಿಕ್ಕಮ್ಮ ಹೇಳಲಿ" ಎನ್ನುತ್ತಾಳೆ. ಡೆಕ್ಲನ್ ಸದ್ಯಕ್ಕೆ ಶ್ಯಾರನ್ ಎಂದು ಕರೆಯುತ್ತಿದ್ದಾನೆ. ಮಗು ಅದಕ್ಕೆ ತಿರುಗಿ ನೋಡಲು ಕಲಿಯುವ ಮೊದಲು ನೀವು ಬರೆಯಬೇಕು.

ಅಮ್ಮ ಮಾಡಿದ್ದೆಲ್ಲ ನನಗೆ ಗೊತ್ತು. ಅವಳ ಪರವಾಗಿ ಕೇಳುತ್ತಿಲ್ಲ ಚಿಕ್ಕಮ್ಮ. ಅವಳ ಮೇಲೆ ನನಗೂ ಕೋಪವಿದೆ. ಇಷ್ಟು ವರ್ಷ ನಿಮಗೆ ತಾರೀಖು ನೆನಪಿರುವುದಿಲ್ಲ ಎಂದು ನಂಬಿ ನಾನೂ ನಕ್ಕಿದ್ದೇನೆ. ಆದರೆ ದಿನಾ ಟಪಾಲಿನವನು ಬರುವ ಹೊತ್ತಿಗೆ ಅವಳು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ. ಅವನು ದಾಟಿ ಹೋದ ಮೇಲೆ ಮಗುವಿಗೆ ಗಾಳಿ ತೋರಿಸುತ್ತಿದ್ದೆ ಎಂದು ಹೇಳುತ್ತಾಳೆ. ನನಗೆ ಅದನ್ನು ನೋಡಲಾಗುತ್ತಿಲ್ಲ. ನಿಮಗೆ ಮನಸ್ಸಿಲ್ಲದಿದ್ದರೆ ಇಲ್ಲ ಎಂದೇ ಬರೆಯಿರಿ. ಅದೂ ಒಂದು ಉತ್ತರವೇ.

ನಿಮ್ಮ,
ಬ್ಲಾನಿದ್


ಬ್ಯಾಲಿವೂರ್ನಿ, ಕಾರ್ಕ್
29 ಜುಲೈ 1979

ಅಕ್ಕ,

ನಿನ್ನ ಕಾಗದ ಫೆಬ್ರವರಿ ಹದಿನಾಲ್ಕಕ್ಕೇ ತಲುಪಿತ್ತು. ಐದು ದಿನದ ಮೇಲೆ ಮುಷ್ಕರ ಶುರುವಾಯಿತು. ಇಡೀ ದೇಶ ಅದನ್ನು ಬೈಯುತ್ತಿದ್ದಾಗ ನನಗೊಬ್ಬಳಿಗೆ ಅದರಿಂದ ಉಪಕಾರವಾಯಿತು. ಹದಿನೆಂಟು ವಾರ ನಾನು ಉತ್ತರ ಬರೆಯಲಿಲ್ಲವೆಂದು ಯಾರೂ ಅನ್ನುವಂತಿರಲಿಲ್ಲ. ಆಮೇಲಿನ ಒಂದು ತಿಂಗಳಿಗೆ ಮುಷ್ಕರದ ನೆಪವಿಲ್ಲ. ಬರೆಯಲು ಮನಸ್ಸು ಬರಲಿಲ್ಲ.

ಸಿಟ್ಟು ಬಂತು, ಇನ್ನೂ ಇದೆ. ನೀನು ಹೋದದ್ದಕ್ಕೆ ಅಲ್ಲ. ಒಬ್ಬಳು ಹೋಗಬೇಕಿತ್ತು, ಒಬ್ಬಳು ಇರಬೇಕಿತ್ತು. ಅಮ್ಮನನ್ನು ನೋಡಿಕೊಂಡ ಹನ್ನೊಂದು ವರ್ಷ ನನಗೆ ಭಾರವಾಗಿರಲಿಲ್ಲ. ನನ್ನನ್ನು ಕೆಡಿಸಿದ್ದು ಆ ಎರಡನೇ ಕಾಗದ. ಮರುವರ್ಷ ನಮ್ಮ ಮೇಷ್ಟ್ರು ಮನೆಗೇ ಬಂದು, "ಟೀಚರ್ ಪರೀಕ್ಷೆಗೆ ಕೂತ್ಕೋ ಸೈವ್. ನಿನ್ನಂಥ ಇಂಗ್ಲಿಷ್ ಈ ಊರಲ್ಲಿ ಇನ್ನೊಬ್ಬರಿಗಿಲ್ಲ" ಎಂದರು. ನಾನು ಒಳಗೆ ಹೋಗಿ ಆ ಕಾಗದ ತಂದು ಅವರ ಕೈಗೆ ಕೊಟ್ಟೆ. ಅವರು ಓದಿ, ಮಡಿಸಿ ವಾಪಸು ಕೊಟ್ಟು ಎದ್ದು ಹೋದರು. ಅಂದಿನಿಂದ ನಾಲ್ಕು ಪದದ ಅಂಚೆ ಫಾರಂ ತುಂಬುವಾಗಲೂ ಪಕ್ಕದಲ್ಲಿ ನಿಘಂಟು ಇಟ್ಟುಕೊಂಡೇ ಬದುಕಿದೆ. ದಡ್ಡಿ ಎಂದು ನಾನೇ ನನಗೆ ಹೇಳಿಕೊಂಡ ಆ ವರ್ಷಗಳನ್ನು ನೀನು ಹೇಗೆ ವಾಪಸು ಕೊಡುತ್ತೀಯ? ಕೊಡಲಾಗುವುದಿಲ್ಲ. ಕ್ಷಮಿಸಿದ್ದೇನೆ ಎಂದು ಇವತ್ತು ಬರೆದರೆ ಸುಳ್ಳಾಗುತ್ತದೆ. ನಿಘಂಟು ಈಗ ಅಂಗಡಿಯ ಬಾಗಿಲಿಗೆ ಒತ್ತಾಗಿ ನಿಂತಿದೆ, ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತಿತ್ತು.

ಬಿಸ್ಕತ್ ಡಬ್ಬದಲ್ಲಿ ಉಳಿದದ್ದು ನಿನ್ನ ಪ್ರಮಾಣಪತ್ರ. ಅದನ್ನೇ ತೋರಿಸಿ ನಾನು ಅಂಚೆ ಕೆಲಸಕ್ಕೆ ಸೇರಿದೆ. ಅದರಲ್ಲಿದ್ದದ್ದು ನಿನ್ನ ತಾರೀಖೆಂದು ನೋಡಿದ್ದೆ, ಪಾದ್ರಿಗಳು ಹೆಸರು ಕೆಡಿಸಿದ ಹಾಗೆ ಇದನ್ನೂ ಕೆಡಿಸಿದ್ದಾರೆ ಎಂದುಕೊಂಡು ಸುಮ್ಮನಾದೆ. ಹಾಗಾಗಿ ಸರ್ಕಾರದ ಕಾಗದದಲ್ಲಿ ನಾನು 1927ರವಳು, ನಿನಗಿಂತ ದೊಡ್ಡವಳು. ಒಂದೇ ಒಂದು ಸಲ ಅಕ್ಕನಾಗಿ ಹೇಳುತ್ತೇನೆ, ಕೇಳು.

ಮಗುವಿಗೆ ನನ್ನ ಹೆಸರು ಇಡಬೇಡಿ. ನೀನು ದಿನಕ್ಕೆ ನೂರು ಸಲ ನನ್ನ ಕ್ಷಮೆ ಕೇಳಲೆಂದು ಆ ಕೂಸು ಹುಟ್ಟಿಲ್ಲ. ನಾಳೆ ಅವಳು ಚಮಚ ಎಸೆಯುತ್ತಾಳೆ, ಹಾಲು ಚೆಲ್ಲುತ್ತಾಳೆ. ಸೈವ್ ಎಂಬ ಹೆಸರಿದ್ದರೆ ನಿನಗೆ ಗದರಲು ಬಾಯಿ ಬರುವುದಿಲ್ಲ. ನನ್ನ ಹೆಸರಿನ ದೆಸೆಯಿಂದ ಒಂದು ಹುಡುಗಿ ಹಾಳಾಗುವುದು ನನಗಿಷ್ಟವಿಲ್ಲ.

ಶನಿವಾರದ ಬಸ್ಸಿಗೆ ಬರುತ್ತೇನೆ. ಭಾನುವಾರ ರಿಜಿಸ್ಟರು ಬರೆಯುವಾಗ ನಾನು ಪಕ್ಕದಲ್ಲಿ ನಿಲ್ಲುತ್ತೇನೆ. ಇದಕ್ಕೆ ಇಂಗ್ಲಿಷಲ್ಲಿ ಏನು ಎಂದು ಯಾರಾದರೂ ಕೇಳಿದರೆ ನೀವು ಸುಮ್ಮನಿರಿ, ನಾನು ಉತ್ತರ ಕೊಡುತ್ತೇನೆ, ಇಂಗ್ಲಿಷಿನಲ್ಲೇ. ನೋರಾಗಳಿಗೆ ಎರಡು ದಿನ ಕಾಗದ ಸಿಗದಿದ್ದರೆ ಪ್ರಾಣ ಹೋಗುವುದಿಲ್ಲ.

ಸೊರಖ ಎಂದೇ ಇಡಿ. ಪದ್ಧತಿಗಾಗಿ ಅಲ್ಲ, ನನಗಾಗಿ. ಈ ಐದು ತಿಂಗಳು ನಿನ್ನ ಹೆಸರು ನನ್ನ ಬಾಯಲ್ಲಿ ಬಂದಿಲ್ಲ. ಯಾರಾದರೂ ಕೇಳಿದರೆ ಡಬ್ಲಿನ್‌ನವರು ಚೆನ್ನಾಗಿದ್ದಾರೆ ಎಂದು ಮಾತು ಮುಗಿಸುತ್ತಿದ್ದೆ. ಈ ಕಾಗದದ ತಲೆಯಲ್ಲೂ ಬರೆಯಲು ಹೋಗಿ, ಆಗದೆ, ಬರೀ ಅಕ್ಕ ಎಂದು ಬರೆದೆ. ಅಮ್ಮ ಹೇಳುತ್ತಿದ್ದಳು, ನಾನು ಮೊಟ್ಟಮೊದಲು ಆಡಿದ ಮಾತು ಅಮ್ಮ ಎಂದಲ್ಲವಂತೆ, ಸೊರಖ ಎಂದಂತೆ. ನೀನು ಶಾಲೆಗೆ ಹೊರಟರೆ ಬಾಗಿಲು ಹಿಡಿದು ನಿಂತು, ನೀನು ತಿರುವು ದಾಟುವವರೆಗೂ ಅದೊಂದನ್ನೇ ಕೂಗುತ್ತಿದ್ದೆನಂತೆ. ಉಳಿದ ಮಾತೆಲ್ಲ ಆಮೇಲೆ ಬಂದದ್ದು. ಆ ಹೆಸರನ್ನೂ ಕಳೆದುಕೊಳ್ಳಲು ನಾನು ತಯಾರಿಲ್ಲ. ಅದನ್ನು ಸಿಟ್ಟಿಲ್ಲದೆ ಕರೆಯಲು ನನಗೆ ಒಬ್ಬಳು ಬೇಕು. ಮೊದಲು ಆ ಕೂಸನ್ನು ಕರೆದು ಬಾಯಿಗೆ ರೂಢಿ ಮಾಡಿಕೊಳ್ಳುತ್ತೇನೆ. ನೀನು ಹತ್ತಿರದಲ್ಲೇ ಕೂತಿರು. ಕರೆದಾಗ ಅವಳಿಗೆ ಓಗೊಡಲು ಬರುವುದಿಲ್ಲ, ನೀನು ಓಗೊಡು.

ನಿನ್ನ ತಂಗಿ,
ಸೈವ್